ಡಿಜೈನ್ ಜಂಪರ್

ಬೈಲಹೊಂಗಲದಾಗ ನಂದು ಬೋರ್ಡ್ ಬರಿಯೋ ಕೆಲಸ. ಮುರಗೋಡದಾಗ ಹೆಣ್ಣಮಕ್ಕಳ ಬ್ಲೌಸ್ ಹೊಲಿಯೋ ಟೇಲರ್ ಗಂಗವ್ವ ಹೊಸ ಅಂಗಡಿಗೆ ‘ಡಿಜೈನ್ ಜಂಪರ್’ ಅಂತ ಬರೀರಿ ಅಂದ್ರು.

“ಮರಾಠಿಯಾಗ ಡಿಝಾಈನ್, ಕನ್ನಡದಾಗ ಡಿಸೈನ್. ಡಿಜೈನ್ ಎಲ್ಲೂ ಇಲ್ಲರಿ ಅಕ್ಕಾರ,” ಅಂದೆ.

“ನೀವು ಬಾಯಿಲೆ ಹೆಂಗ ಅಂತೀರಿ?”

ಎಷ್ಟು ತಿರುವಿ ಅಂದರೂ ಬಾಯಾಗ ಡಿಜೈನೇ ಬಂತು. ಸೋತು ಹಂಗ ಬರೆದೆ. ಅಂಗಡಿ ಚಾಲೂ ಆದ ದಿನ ನಾನs ಹೋಗಿ ಬೋರ್ಡ್ ಏರಿಸಿದೆ. ಮೊದಲ ಗಿರಾಕಿ ಒಬ್ಬಾಕಿ ಮುದುಕಿ. ತಲಿ ಎತ್ತಿ ಓದಿ, ಬಾಗಲದಾಗ ನಿಂತುಬಿಟ್ಟಳು.

“ಈ ಡಿ. ಜೈನ್ ಸಾಹೇಬ್ರು ಅಳತಿ ತಗೋತಾರೇನವಾ?”

ನಾನು ಏಣಿ ಮ್ಯಾಲೇ ಬೆವತೆ. ಗಂಗವ್ವ ಮಾತ್ರ ತಡವರಿಸಲಿಲ್ಲ.

“ಅವರು ಊರಿಗೆ ಹೋಗ್ಯಾರ, ಆಯಿ. ಅಳತಿ ನಾನs ತಗೋತೇನಿ, ಬರ್ರಿ.”

ಈಗ ಮುರಗೋಡದಾಗ ಜಂಪರ್ ಚಲೋ ಕುಂತ್ರ ಗಂಗವ್ವನ ಕೈಗುಣ, ಬಿಗಿಯಾದ್ರ ಜೈನ್ ಸಾಹೇಬ್ರ ತಪ್ಪಂತ.