ಹೊತ್ತುಗೊತ್ತಿನ ಜಗಳ

ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಆಕೆಯನ್ನು ಎಲ್ಲರೂ ಅಂಚೆ ಅಕ್ಕ ಎನ್ನುತ್ತಿದ್ದರು. ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಹುಟ್ಟುಹಬ್ಬಕ್ಕೆ ತಂಗಿಯ ಮಗಳು ದಪ್ಪ ರಟ್ಟಿನ ಪ್ಲ್ಯಾನರ್ ತಂದುಕೊಟ್ಟಳು. ದಿನಕ್ಕೊಂದು ಪುಟ, ಗಂಟೆಗೊಂದು ಗೆರೆ, ಕೆಳಗೆ ‘ಇಂದಿನ ಗುರಿ’ ಎಂಬ ಚೌಕ. ಅಕ್ಕ ನಾಲ್ಕು ದಿನ ಶ್ರದ್ಧೆಯಿಂದ ತುಂಬಿದಳು. ಐದನೆಯ ದಿನ ಗುರಿಯ ಚೌಕದಲ್ಲಿ ‘ಸ್ನಾನ’ ಎಂದು ಬರೆದು, ಅದೂ ಆಗದೆ, ಪುಸ್ತಕವನ್ನು ಅಲುಗಾಡುವ ಮೇಜಿನ ಕಾಲಡಿ ತುರುಕಿದಳು.

ಒಂದು ಬೆಳಿಗ್ಗೆ ಮೇಲಿನ ಮನೆಯ ಟೀಚರಮ್ಮ ಬಾಲ್ಕನಿ ತೊಳೆದ ಕೊಳೆನೀರು ಅಕ್ಕ ಒಣಹಾಕಿದ ಬಟ್ಟೆಗಳ ಮೇಲೆ ಸುರಿಯಿತು. ಜಗಳಕ್ಕೆ ನಿಂತರೆ ಬಸ್ಸು ತಪ್ಪುತ್ತಿತ್ತು. ಹಲ್ಲು ಕಡಿಯುತ್ತ ಪ್ಲ್ಯಾನರ್ ಎಳೆದು, ‘ಶನಿವಾರ ಹತ್ತು ಗಂಟೆ: ಮೇಲಿನವಳ ಜೊತೆ ಜಗಳ’ ಎಂದು ಬರೆದಳು. ಬರೆದ ಕೂಡಲೇ ಹೊಟ್ಟೆ ತಣ್ಣಗಾಯಿತು. ಅಂದು ಕೌಂಟರಿನಲ್ಲಿ ಯಾರ ಮೇಲೂ ಹರಿಹಾಯಲಿಲ್ಲ. ಆ ವಾರದಲ್ಲೇ ಗಂಡನಿಗೆ ಭಾನುವಾರ, ನಾದಿನಿಗೆ ಸೋಮವಾರ, ಮೇಲಧಿಕಾರಿಗೆ ತಿಂಗಳ ಕೊನೆ ಎಂದು ಜಗಳಗಳು ನಿಗದಿಯಾದವು. ಗುರಿಯ ಚೌಕಗಳಲ್ಲಿ ಬೈಗುಳಗಳನ್ನು ತಿದ್ದಿ ತೀಡಿ ಇಟ್ಟಳು.

ಶನಿವಾರ ಪ್ಲ್ಯಾನರ್ ಹಿಡಿದೇ ಮೇಲೆ ಹೋಗಿ ಬಾಗಿಲು ಬಡಿದಳು.

“ಟೀಚರಮ್ಮ, ನಿಮ್ಮ ಹತ್ರ ಜಗಳ ಆಡ್ಬೇಕಿತ್ತು.”

“ಅಯ್ಯೋ, ಉತ್ತರಪತ್ರಿಕೆ ರಾಶಿ ಬಿದ್ದಿದೆ ಕಣ್ರೀ. ಇನ್ನೊಂದಿನ ಆಡೋಣ್ವಾ?”

ಅಕ್ಕ ಪುಟ ತಿರುವಿದಳು. “ಬುಧವಾರ ಸಂಜೆ ಐದಕ್ಕೆ ಬಿಡುವಾಗಿದೀನಿ.”

“ಐದೂವರೆ ಮಾಡಿ. ನಿಮ್ಮ ರೇಡಿಯೋ ವಿಷಯ ನಂಗೂ ಹೇಳೋದಿದೆ.”

ಬುಧವಾರ ಇಬ್ಬರೂ ಆರೂವರೆಯ ತನಕ ಮನಸಾರೆ ಕಿತ್ತಾಡಿದರು. ನೀರು ಸುರಿಯುವ ಮುಂಚೆ ಟೀಚರಮ್ಮ ಕೂಗಿ ಹೇಳಬೇಕು, ಅಕ್ಕ ರೇಡಿಯೋ ತಗ್ಗಿಸಬೇಕು ಎಂದು ತೀರ್ಮಾನವಾಯಿತು. ಕೆಳಗಿಳಿದು ಬಂದ ಅಕ್ಕ ಪ್ಲ್ಯಾನರ್‌ನಲ್ಲಿ ಬುಧವಾರದ ಗೆರೆಯ ಮುಂದೆ ದೊಡ್ಡದೊಂದು ಸರಿ ಗುರುತು ಹಾಕಿದಳು.