ಸೀಟಿ ಊದಿದ ಮೇಲೆ

ಮೊಳಕಾಲ್ಮೂರು ಕಾಲೇಜಿನ ಪಿ.ಡಿ. ಮೇಡಂ ಎಂದರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಪಿ.ಡಿ. ಎಂದರೆ ದೈಹಿಕ ಶಿಕ್ಷಣ ನಿರ್ದೇಶಕಿ. ಮಕ್ಕಳಿಗೆ ಆಟ ಕಲಿಸುವುದು, ಟೂರ್ನಮೆಂಟಿಗೆ ಕರೆದುಕೊಂಡು ಹೋಗುವುದು, ಗಣರಾಜ್ಯೋತ್ಸವದ ಹಿಂದಿನ ದಿನ ಧ್ವಜದ ಹಗ್ಗ ಹುಡುಕುವುದು ಅವರ ಕೆಲಸ. ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿ ಆ ಕೆಲಸ ನನ್ನದು, ಮೊಳಕಾಲ್ಮೂರಿನಲ್ಲಿ ಅವಳದು. ಓದುವಾಗ ನಾವಿಬ್ಬರೂ ಒಂದೇ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದವರು, ಆಗ ಅವಳಿಗಿಂತ ನಾನೇ ಚೆನ್ನಾಗಿ ಆಡುತ್ತಿದ್ದೆ. ಈ ಮಾತನ್ನು ಯಾರೂ ಕೇಳದಿದ್ದರೂ ನಾನಾಗಿಯೇ ಹೇಳುತ್ತೇನೆ.

ಹೊಟ್ಟೆಕಿಚ್ಚಿಗೆ ದೊಡ್ಡ ಕಾರಣಗಳೇ ಬೇಕೆಂದಿಲ್ಲ. ನಾನು ಒಂದು ಪಂದ್ಯ ಮುಗಿಸುವಷ್ಟರಲ್ಲಿ ಗಂಟಲು ಹರಿದುಕೊಂಡು ಮಾರನೆಯ ದಿನ ಕೈಸನ್ನೆಯಲ್ಲಿ ಸಂಸಾರ ನಡೆಸುತ್ತೇನೆ. ಅವಳು ಕುರ್ಚಿಯಿಂದ ಏಳುವುದೇ ಅಪರೂಪ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಮೆಲ್ಲಗೆ ಏನೋ ಅಂದರೆ ಸಾಕು, ಅವಳ ಹುಡುಗಿಯರು ಕೋರ್ಟಿನ ಆ ತುದಿಯಿಂದ ತಲೆಯಾಡಿಸುತ್ತಾರೆ. ಬಹುಮಾನ ಕೊಡುವ ಹೊತ್ತಿಗೆ ನಾನು ಬೆವರಿನ ಟ್ರ್ಯಾಕ್ ಪ್ಯಾಂಟಿನಲ್ಲೇ ನಿಂತಿದ್ದರೆ, ಅವಳು ಎಲ್ಲೋ ಮಾಯವಾಗಿ ತನ್ನೂರಿನ ರೇಷ್ಮೆ ಸೀರೆಯುಟ್ಟು ಬರುತ್ತಾಳೆ, ಸೆರಗಿನ ಒಂದು ಮಡಿಕೆಯೂ ಕೆಟ್ಟಿರುವುದಿಲ್ಲ. ದಿನಾ ನನ್ನ ಮುಖ ನೋಡುವ ನಮ್ಮ ಕ್ಯಾಂಟೀನಿನವನು ಕೂಡ ಮೊದಲ ಲೋಟ ಟೀ ಅವಳಿಗೇ ಕೊಡುತ್ತಾನೆ.

ನಮ್ಮ ವಲಯದಲ್ಲಿ ಒಂದು ವಾಡಿಕೆಯಿದೆ. ಹೆಣ್ಣುಮಕ್ಕಳ ಫೈನಲ್ ಗೆದ್ದ ಕಾಲೇಜಿನ ಪಿ.ಡಿ.ಯೇ ಆ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್. ತಂಡವನ್ನು ರೈಲಿನಲ್ಲಿ ಬೇರೆ ರಾಜ್ಯಕ್ಕೆ ಕರೆದುಕೊಂಡು ಹೋಗಬಹುದು, ಬೆನ್ನ ಮೇಲೆ ವಿಶ್ವವಿದ್ಯಾಲಯದ ಹೆಸರಿರುವ ಜಾಕೆಟ್ ಹಾಕಿಕೊಳ್ಳಬಹುದು. ಅವಳು ಹಾಗೆ ಹೋಗಿ ಬಂದಿದ್ದಳು, ಒಂದು ಸಲವಲ್ಲ. ನಾನು ಒಂದು ಸಲವೂ ಹೋಗಿರಲಿಲ್ಲ. ಕಳೆದ ಸಲ ಫೈನಲ್ ನಮ್ಮ ಕೋರ್ಟಿನಲ್ಲೇ ಬಂತು, ಎದುರಿಗೆ ಅವಳ ತಂಡವೇ ಬಂತು, ನನ್ನ ಕೈಯಲ್ಲಿ ಎಂದೂ ಇಲ್ಲದಷ್ಟು ಒಳ್ಳೆಯ ತಂಡವಿತ್ತು. ನಿವೃತ್ತಿಗೆ ಮುಂಚೆ ಇಂಥದ್ದು ಇನ್ನೊಂದು ಬರುತ್ತದೆಂಬ ನಂಬಿಕೆ ನನಗಿರಲಿಲ್ಲ. ಆ ಜಾಕೆಟ್ ನನಗೆ ಬೇಕಾಗಿತ್ತು, ಅದಕ್ಕಿಂತ ಹೆಚ್ಚಾಗಿ ಅದು ಅವಳಿಗೆ ಸಿಗಬಾರದಾಗಿತ್ತು.

ನನ್ನ ತಂಡದ ಜೀವ ಒಬ್ಬ ಹುಡುಗಿ. ನಾಯಕನಹಟ್ಟಿ ಕಡೆಯವಳು, ಕುರಿ ಸಾಕುವ ಮನೆಯವಳು. ಮೊದಲ ಬಸ್ಸಿಗೆ ಬಂದು ಕ್ಲಾಸಿಗೆ ಮುಂಚೆಯೇ ಅಭ್ಯಾಸ ಮುಗಿಸುವವಳು. ಎದುರಾಳಿ ಎತ್ತ ತಿರುಗುತ್ತಾಳೆಂಬುದು ಅವಳಿಗೆ ಮೊದಲೇ ಗೊತ್ತಾಗುತ್ತಿತ್ತು. ಅವಳ ಒಂದು ರೂಢಿ ಮಾತ್ರ ನನಗೆ ತಲೆನೋವು. ಆಡುವಾಗ ಯಾರಿಗಾದರೂ ಕಾಲು ತಾಗಿದರೆ ಸಾಕು, ಬಗ್ಗಿ ಅವರನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಮ್ಮ ಕಡೆ ಬಸ್ಸಿನಲ್ಲಿ ಗುರುತಿಲ್ಲದವರಿಗೆ ಕಾಲು ತಾಗಿದರೂ ಎಲ್ಲರೂ ಮಾಡುವುದು ಹಾಗೆಯೇ, ಇವಳದೇನೂ ಹೊಸದಲ್ಲ. ಆದರೆ ಇವಳು ಕಣ್ಣಿಗೊತ್ತಿಕೊಳ್ಳುವಷ್ಟರಲ್ಲಿ ಚೆಂಡು ಎಲ್ಲೋ ಹೋಗಿರುತ್ತಿತ್ತು. “ಇದು ಗುಡಿಯಲ್ಲ ಕಣೇ, ಕೋರ್ಟು! ಬಿಡು ಅದನ್ನ!” ಎಂದು ವರ್ಷಗಟ್ಟಲೆ ಕಿರುಚಿದ್ದೇನೆ. “ಬಿಡ್ತೀನಿ ಮೇಡಂ” ಅನ್ನುತ್ತಿದ್ದಳು. ಅನ್ನುತ್ತಲೇ ನನ್ನ ಬೂಟಿಗೆ ಕಾಲು ತಾಗಿಸಿಕೊಂಡು ಮತ್ತೆ ಬಗ್ಗುತ್ತಿದ್ದಳು.

ಫೈನಲ್ ದಿನ ಎಣ್ಣೆ ಮಿಲ್ಲುಗಳ ಕಡೆಯಿಂದ ಗಾಳಿ ಬೀಸುತ್ತಿತ್ತು. ಬಯಲು ಕೋರ್ಟಿನಲ್ಲಿ ಗಾಳಿಯಿದ್ದರೆ ದೂರದ ಎಸೆತ ನೆಟ್ಟಗೆ ಹೋಗುವುದಿಲ್ಲ, ಅದು ನಮ್ಮವರಿಗೆ ಗೊತ್ತು. ಕೊನೆಯ ನಿಮಿಷದಲ್ಲಿ ನಾವು ಒಂದು ಪಾಯಿಂಟ್ ಮುಂದಿದ್ದೆವು, ಚೆಂಡೂ ನಮ್ಮಲ್ಲೇ ಇತ್ತು. ಹಿಂದಿರುವ ತಂಡಕ್ಕೆ ಆಗ ಉಳಿಯುವ ದಾರಿ ಒಂದೇ. ಬೇಕೆಂದೇ ಫೌಲ್ ಮಾಡಿ ಗಡಿಯಾರ ನಿಲ್ಲಿಸಬೇಕು. ಯಾರೂ ಅಡ್ಡ ಬಾರದೆ ಎಸೆಯುವ, ಒಂದೊಂದಕ್ಕೆ ಒಂದು ಪಾಯಿಂಟಿನ ಎರಡು ಫ್ರೀ ಥ್ರೋ ಎದುರಾಳಿಗೆ ಹೋದರೂ ಆಮೇಲೆ ಚೆಂಡು ತಮ್ಮ ಕೈಗೆ ಬರುತ್ತದಲ್ಲ. ಆದರೆ ರೆಫರಿಗೆ ಅದು ಬೇಕೆಂದೇ ಮಾಡಿದ್ದೆಂದು ಕಾಣಬಾರದು. ಚೆಂಡಿಗೆ ಹಾಕಿದ ಕೈ ತಪ್ಪಿ ತೋಳಿಗೆ ಬಿತ್ತು ಎನ್ನುವ ಹಾಗಿರಬೇಕು. ಇಲ್ಲದಿದ್ದರೆ ಫ್ರೀ ಥ್ರೋ ಜೊತೆಗೆ ಚೆಂಡನ್ನೂ ಎದುರಾಳಿಗೇ ಕೊಟ್ಟುಬಿಡುತ್ತಾರೆ.

ಮೊಳಕಾಲ್ಮೂರಿನ ಒಬ್ಬ ಹುಡುಗಿ ಬಂದು ನನ್ನವಳ ಕೈಯಲ್ಲಿದ್ದ ಚೆಂಡಿಗೆ ಕೈ ಹಾಕಿದಳು. ಏಟು ತೋಳಿಗೆ ಬಿತ್ತು, ಕಾಲೂ ತಾಗಿತು. ರೆಫರಿ ಸೀಟಿ ಊದಿದ. ಸೀಟಿ ಆದ ಮೇಲೆ ಆ ಹುಡುಗಿ ಯಾವ ಗಡಿಬಿಡಿಯೂ ಇಲ್ಲದೆ ನನ್ನವಳ ಮಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಮ್ಮ ಕಾಲೇಜಿನವರೇ ಚಪ್ಪಾಳೆ ಹೊಡೆದರು. ಅವಳ ಹುಡುಗಿಯರು ಫೌಲ್ ಮಾಡಿದರೂ ಚಪ್ಪಾಳೆಯೇ ಎಂದು ನನ್ನ ಮೈ ಉರಿಯಿತು. ಅಲ್ಲಿ ನೋಡಿ ಕಲಿಯುವುದೇನಾದರೂ ಇದೆಯೆಂದು ಹೊಳೆಯಲಿಲ್ಲ.

ನನ್ನವಳು ಎರಡೂ ಫ್ರೀ ಥ್ರೋ ಹಾಕಿದಳು. ನಾವು ಮೂರು ಪಾಯಿಂಟ್ ಮುಂದೆ, ಉಳಿದದ್ದು ಕೆಲವೇ ಸೆಕೆಂಡು. ಮೊಳಕಾಲ್ಮೂರಿನ ಮೇಡಂ ಟೈಮ್‌ಔಟ್ ಕೇಳಿದಳು.

ಈಗ ತೀರ್ಮಾನ ನನ್ನದು. ಸುಮ್ಮನೆ ಅಡ್ಡ ನಿಂತು ಕಾದರೆ ಅವರು ದೂರದಿಂದ ಎಸೆಯುತ್ತಾರೆ, ಅದು ಬಿದ್ದರೆ ಮೂರು ಪಾಯಿಂಟ್, ಆಟ ಸಮ. ಎಸೆಯುವ ಮುಂಚೆಯೇ ಫೌಲ್ ಮಾಡಿದರೆ ಅವರಿಗೆ ಸಿಗುವುದು ಎರಡೇ ಫ್ರೀ ಥ್ರೋ, ಎರಡೂ ಬಿದ್ದರೂ ನಾವೇ ಮುಂದೆ. ಕೈ ತಡವಾಗಿ, ಅವರು ಎಸೆಯುವಾಗ ಬಿದ್ದರೆ ಮಾತ್ರ ಮೂರು ಫ್ರೀ ಥ್ರೋ ಕೊಡಬೇಕಾಗುತ್ತದೆ. ಗಾಳಿಯಿದೆ, ಸುಮ್ಮನಿರು ಎಂದು ಅರ್ಧ ಮನಸ್ಸು ಹೇಳಿತು. ಅಭ್ಯಾಸದಲ್ಲಿ ನಾವು ಇಂಥ ಫೌಲನ್ನು ಮಾಡಿಯೇ ಇರಲಿಲ್ಲ. ಆದರೆ ಆ ಕಡೆ ನೋಡಿದರೆ ಅವಳು ಕುರ್ಚಿಯಲ್ಲೇ ಕೂತು, ಹುಡುಗಿಯರನ್ನು ಸುತ್ತ ಕೂರಿಸಿಕೊಂಡು, “ತೊಂದರಪಡಕಂಡಮ್ಮಾ” ಎನ್ನುತ್ತಿದ್ದಳು, ಅವಸರ ಮಾಡಬೇಡಿರಮ್ಮಾ ಎಂದು. ಸೋಲುತ್ತಿರುವವಳಿಗೆ ಅಷ್ಟು ಸಮಾಧಾನ ಎಲ್ಲಿಂದ ಬರಬೇಕು? ನನಗದು ಸಹಿಸಲಾಗಲಿಲ್ಲ. ಅವಳಿಗಿರುವ ಜಾಣತನ ನನಗೂ ಇದೆಯೆಂದು ಎಲ್ಲರೂ ನೋಡಬೇಕಾಗಿತ್ತು.

“ಚೆಂಡು ಒಳಕ್ಕೆ ಬಂದು ಒಂದು ಸಲ ಪುಟಿಸಿದ ಕೂಡ್ಲೆ ಫೌಲ್ ಮಾಡು” ಎಂದೆ ನನ್ನ ಹುಡುಗಿಗೆ. “ಮೇಲಕ್ಕೆ ಎತ್ತೋಕೆ ಬಿಡಬ್ಯಾಡ.”

“ಹೊಡೀಬೇಕಾ ಮೇಡಂ?”

“ಹೊಡೆಯೋದಲ್ಲ ಕಣೇ! ಚೆಂಡಿಗೆ ಕೈ ಹಾಕು, ಉಳಿದಿದ್ದು ತಾನೇ ಆಗುತ್ತೆ.”

ಚೆಂಡು ಒಳಗೆ ಬಂತು. ಹಿಡಿದವಳು ಒಂದು ಸಲ ಪುಟಿಸಿದಳು. ನನ್ನವಳು ಸರಿಯಾದ ಹೊತ್ತಿಗೇ ನುಗ್ಗಿದಳು, ಆದರೆ ಕೈಗಿಂತ ಮೊದಲು ಕಾಲು ಹೋಗಿ ಆ ಹುಡುಗಿಯ ಬೂಟಿನ ತುದಿಗೆ ತಾಗಿತು. ಅಷ್ಟಕ್ಕೆ ಯಾವ ರೆಫರಿಯೂ ಸೀಟಿ ಊದುವುದಿಲ್ಲ. ಚೆಂಡಿಗೆ ಹೋಗಬೇಕಾಗಿದ್ದ ಕೈ ಕೆಳಗಿಳಿಯಿತು, ಬೆರಳ ತುದಿಯಿಂದ ಆ ಹುಡುಗಿಯ ಮಂಡಿಯನ್ನು ಮುಟ್ಟಿತು, ಅಲ್ಲಿಂದ ನೇರವಾಗಿ ಕಣ್ಣಿಗೆ ಹೋಯಿತು. ಮೊಳಕಾಲ್ಮೂರಿನವಳು ಎದುರಿಗೆ ಯಾರೂ ಇಲ್ಲದ ಹಾಗೆ ನಿಂತು, ನಿಧಾನವಾಗಿ ಎಸೆದಳು. ಚೆಂಡು ರಿಂಗಿನ ಮೇಲೆ ಕುಣಿದು ಒಳಗೆ ಬಿತ್ತು, ಮೂರು ಪಾಯಿಂಟ್, ಆಟ ಸಮ. ಹೆಚ್ಚುವರಿ ಆಟದಲ್ಲಿ ನನ್ನ ಹುಡುಗಿ ಅಳುತ್ತಲೇ ಆಡಿದಳು, ನಾವು ಸೋತೆವು.

ಬಹುಮಾನವೆಲ್ಲ ಮುಗಿದ ಮೇಲೆ ಮೊಳಕಾಲ್ಮೂರಿನ ಮೇಡಂ ಬಿಡದೆ ನನ್ನನ್ನು ಮಂಡಕ್ಕಿ ಮಿರ್ಚಿಗೆ ಎಳೆದುಕೊಂಡು ಹೋದಳು. ರೇಷ್ಮೆ ಸೀರೆಯಲ್ಲೇ ಬಸ್ ಸ್ಟ್ಯಾಂಡಿನ ಬಳಿಯ ಗಾಡಿಯ ಮುಂದೆ ನಿಂತು ತಿಂದಳು. ಒಂದು ಹನಿ ಎಣ್ಣೆಯಾದರೂ ಸೀರೆಗೆ ಬೀಳಲಿ ಎಂದು ಕಾದೆ, ಬೀಳಲಿಲ್ಲ.

“ನಿನ್ನ ಹುಡುಗಿ ಮಸ್ತ್ ಆಡ್ತಾಳೆ ಕಣೇ” ಎಂದಳು.

“ನಮಸ್ಕಾರ ಮಾಡೋದು ಬಿಟ್ರೆ ಇನ್ನೂ ಮಸ್ತ್ ಆಡ್ತಾಳೆ” ಎಂದೆ.

ಅವಳು ನಕ್ಕಳು. “ನಮ್ಮವೂ ಹಂಗೇ ಇದ್ವು. ಅವ್ವ ಕಲಿಸಿದ್ದನ್ನ ನಾವು ಬಿಡ್ರಿ ಅಂದ್ರೆ ಬಿಡ್ತಾವಾ? ನಾನು ಬ್ಯಾಡ ಅನ್ನಲಿಲ್ಲ. ಸೀಟಿ ಊದೋಗಂಟ ಬಾಕಿ ಇಟ್ಕೋರಿ, ಊದಿದ ಮ್ಯಾಲೆ ಒತ್ಕೋರಿ ಅಂದೆ. ಒಂದಷ್ಟು ದಿನ ಬರೀ ಅದನ್ನೇ ಮಾಡಿಸ್ದೆ, ಅಷ್ಟೆ.”

ಅಷ್ಟೆ! ಅವಳು ಅದೃಷ್ಟದಿಂದ ಗೆದ್ದಿದ್ದರೆ ಹಾಳಾಗಲಿ ಎಂದು ಮನೆಗೆ ಹೋಗಿ ಮಲಗುತ್ತಿದ್ದೆ. ರೆಫರಿಯ ತಪ್ಪಿನಿಂದ ಗೆದ್ದಿದ್ದರೆ ವರ್ಷವಿಡೀ ಬೈದುಕೊಂಡಿರುತ್ತಿದ್ದೆ. ಇಷ್ಟು ಸಣ್ಣ ವಿಷಯ, ಇಷ್ಟು ಸುಲಭದ ವಿಷಯ, ಅದು ಅವಳ ತಲೆಗೆ ಹೊಳೆದು ನನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂಬುದನ್ನು ಏನು ಮಾಡಲಿ? ಮನೆಯಲ್ಲಿ ಕೆಲಸವಿದೆಯೆಂದು ಸುಳ್ಳು ಹೇಳಿ ಹೊರಟು ಬಂದೆ.

ವಿಶ್ವವಿದ್ಯಾಲಯದ ತಂಡಕ್ಕೆ ಅವಳು ಕೋಚ್ ಆದಳು. ನನ್ನ ಹುಡುಗಿಯೂ ಆ ತಂಡಕ್ಕೆ ಆಯ್ಕೆಯಾದಳು. ಎಲ್ಲರೂ ನನಗೆ ಅಭಿನಂದನೆ ಹೇಳಿದರು, ನಾನೂ ಹಲ್ಲು ಬಿಟ್ಟೆ. ಟೂರ್ನಮೆಂಟ್ ಮುಗಿಸಿ ಹಿಂತಿರುಗಿದ ದಿನ ಹುಡುಗಿ ವಿಶ್ವವಿದ್ಯಾಲಯದ ಜಾಕೆಟ್ ಹಾಕಿಕೊಂಡೇ ಅಭ್ಯಾಸಕ್ಕೆ ಬಂದಳು. ಅವಳ ಆಟ ಬದಲಾಗಿತ್ತು. ಚೆಂಡಿಗೆ ಕೈ ಹಾಕುತ್ತಿದ್ದಳು, ಫೌಲ್ ಆಗಿ ನಾನು ಸೀಟಿ ಊದುವವರೆಗೆ ಕಾಯುತ್ತಿದ್ದಳು, ಆಮೇಲೆ ಬಗ್ಗುತ್ತಿದ್ದಳು. ಒಂದು ಸಲವೂ ತಪ್ಪಲಿಲ್ಲ. ನನ್ನ ಕೋರ್ಟಿನಲ್ಲಿ, ನನ್ನ ಹುಡುಗಿಯ ಮೈಯಲ್ಲಿ ಅವಳ ಪಾಠ ಓಡಾಡುತ್ತಿತ್ತು.

ನೀರು ಕುಡಿಯಲು ಬಂದಾಗ ಹುಡುಗಿ ನನ್ನ ಪಕ್ಕ ನಿಂತಳು.

“ಮೇಡಂ, ಇದು ನಿಮ್ದೇ ಅಂತೆ? ಅಲ್ಲಿ ಆ ಮೇಡಮ್ಮೋರು ಎಲ್ರ ಮುಂದೆ ಹೇಳಿದ್ರು. ಚಳ್ಳಕೆರೆ ಮೇಡಂ ಆಡೋವಾಗ ಹಿಂಗೇ ಮಾಡೋರು, ಸೀಟಿ ಆದ್ಮೇಲೇನೇ ಕಣ್ಣಿಗೊತ್ಕೊಳ್ಳೋರು, ನಾನು ಅವರನ್ನ ನೋಡೇ ಕಲ್ತಿದ್ದು ಅಂದ್ರು. ಹೌದಾ?”

ನನಗೆ ನೆನಪಿಲ್ಲ. ಎಷ್ಟು ತಡಕಿದರೂ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ನಿಜವಾಗಿದ್ದರೆ, ನನ್ನದನ್ನು ನಾನೇ ಮರೆತೆ, ಅವಳು ಇಷ್ಟು ವರ್ಷ ಜೋಪಾನ ಮಾಡಿದಳು. ಸುಳ್ಳಾಗಿದ್ದರೆ, ನನ್ನ ಹುಡುಗಿಯ ಮುಂದೆ ನನ್ನ ಮರ್ಯಾದೆ ಕಾಯಲೆಂದು ಅವಳು ಕಟ್ಟಿದ ಮಾತದು. ಎರಡರಲ್ಲಿ ಯಾವುದಾದರೂ ಅವಳೇ ದೊಡ್ಡವಳು. ಹೊಟ್ಟೆಕಿಚ್ಚು ಪಡುವುದಕ್ಕೂ ನನಗೊಂದು ನೆಟ್ಟಗಿನ ಜಾಗ ಬಿಡಲಿಲ್ಲ ಆಯಮ್ಮ.

“ಹೌದು ಕಣೇ” ಎಂದೆ. “ನಾನೇ. ಮತ್ತೆ ಯಾರು ಅಂದ್ಕೊಂಡೆ?”

ಹುಡುಗಿಗೆ ಬಹಳ ಖುಷಿಯಾಯಿತು. ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೇಳಿದಳು.

“ಮತ್ತೆ ನಂಗ್ಯಾಕೆ ಮೇಡಂ ಹೇಳಿಕೊಡ್ಲಿಲ್ಲ?”