ಕಾರಿನ ಕೆಳಗಿನ ಹಾಳೆ

ಕಳೆದ ಗುರುವಾರ ಬೆಳಿಗ್ಗೆ ಕಮಲಾಪುರದ ಕೆರೆ ಏರಿಯ ಮೇಲೆ ಒಂದು ಬಿಳಿ ಕಾರು ಕೆಟ್ಟು ನಿಂತಿತ್ತು. ಬಾನೆಟ್ಟಿನ ಸಂದಿಯಿಂದ ಆವಿ ಏಳುತ್ತಿತ್ತು. ಹಂಪಿ ನೋಡಲು ಹೊರಟಿದ್ದ ಐದಾರು ಜನ ಕೆಳಗಿಳಿದು ಕೆರೆಗೆ ಬೆನ್ನು ಮಾಡಿ ಫೋಟೊ ತೆಗೆದುಕೊಳ್ಳುತ್ತಿದ್ದರು. ಅವರಲ್ಲೊಬ್ಬ ಖಾಲಿ ಬಾಟಲಿಯಲ್ಲಿ ಕೆರೆಯ ನೀರು ತುಂಬಿಕೊಂಡು ಬಂದು, ಕೈಗೆ ಟವೆಲ್ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುವಲು ನೋಡುತ್ತಿದ್ದ.

ನಾನು ಬೈಕ್ ನಿಲ್ಲಿಸಿದೆ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ, ಕೆರೆಯ ರಾಡಿ ನೀರನ್ನಂತೂ ಹಾಕಲೇಬೇಡಿ ಎಂದೆ. ಅವನು ನಕ್ಕ.

"ಏನಾಗಲ್ಲ ಬಿಡ್ರಿ ಸರ. ನಮ್ದಲ್ಲ ಗಾಡಿ, ಗೆಳ್ಯಾಂದು."

ಬೆಲ್ಲ ಸೀದಂಥ ವಾಸನೆ ಬರುತ್ತಿತ್ತು. ಎಂಜಿನ್ ತಣ್ಣಗಿಡಲು ಹಾಕುವ ಹಸಿರು ಕೂಲಂಟ್ ಕುದ್ದು ಹೊರಬಿದ್ದಾಗ ಬರುವ ವಾಸನೆ ಅದು. ಹೊಸಪೇಟೆಯ ನಮ್ಮ ಓಣಿಯಲ್ಲಿ ಅದನ್ನು ನನಗೆ ಗುರುತಿಸಲು ಕಲಿಸಿದವರು ಎದುರುಮನೆಯ ಅಕ್ಕ…

ಆಗ ನಾನು ಹೊಸಪೇಟೆಯಲ್ಲಿ ಒಂದು ಪತ್ರಿಕೆಯ ವರದಿಗಾರನಾಗಿದ್ದೆ. ಬೀದಿಗೆ ಮುಖವಿದ್ದ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಎದುರುಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಗಂಡ ಬಹಳ ವರ್ಷ ಹಂಪಿಗೆ ಬರುವವರನ್ನು ಟ್ಯಾಕ್ಸಿಯಲ್ಲಿ ಸುತ್ತಾಡಿಸಿದವರು. ಎರಡೂ ಮೂತ್ರಪಿಂಡ ಕೈಕೊಟ್ಟ ಮೇಲೆ ಮನೆ ಮುಂದಿನ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಡಯಾಲಿಸಿಸ್‌ಗಾಗಿ ವಾರಕ್ಕೆ ಎರಡು ಸಲ ಬಳ್ಳಾರಿಗೆ ಹೋಗಬೇಕಿತ್ತು. ಹೋಗುವಾಗ ಬಸ್ಸಾದರೂ ನಡೆಯುತ್ತಿತ್ತು. ಬರುವಾಗ ಅವರಿಗೆ ತಲೆ ಎತ್ತಿ ಕೂರಲು ಆಗುತ್ತಿರಲಿಲ್ಲ. ಅದಕ್ಕೆಂದೇ ಅಕ್ಕ ಒಂದು ಹಳೆಯ ಸಣ್ಣ ಕಾರು ಕೊಂಡು, ಐವತ್ತರ ಹತ್ತಿರದ ವಯಸ್ಸಿನಲ್ಲಿ ಓಡಿಸಲು ಕಲಿತಿದ್ದರು. ಖಾನಾವಳಿಗಳಿಗೆ ಜೋಳದ ರೊಟ್ಟಿ ತಟ್ಟಿ ಕೊಡುವುದು ಅವರ ದುಡಿಮೆ. ಅದರಲ್ಲಿ ಮನೆ ನಡೆಯುತ್ತಿತ್ತು, ಪೆಟ್ರೋಲ್ ಬರುತ್ತಿತ್ತು. ದೊಡ್ಡ ರಿಪೇರಿ ಬಂದರೆ ಮಾಡಿಸುವ ಶಕ್ತಿ ಇರಲಿಲ್ಲ.

ಹೀಗಾಗಿ ದಿನಾ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಅವರು ಕಾರಿನ ಮುಂದೆ ನಿಲ್ಲುತ್ತಿದ್ದರು. ಎಂಜಿನ್ ಇನ್ನೂ ತಣ್ಣಗಿರುವಾಗಲೇ ಬಾನೆಟ್ ಎತ್ತಿ, ಆಯಿಲ್ ಕಡ್ಡಿಯನ್ನು ಎಳೆದು ಹಳೆ ಸೀರೆಯ ತುಂಡಿನಲ್ಲಿ ಒರೆಸಿ, ಮತ್ತೆ ಅದ್ದಿ ನೋಡುವರು. ಕೂಲಂಟ್ ಡಬ್ಬಿಯಲ್ಲಿ ಹಸಿರು ನೀರು ಎರಡು ಗೆರೆಗಳ ನಡುವೆ ಇದೆಯೇ, ಬ್ರೇಕ್ ಆಯಿಲ್ ಇಳಿದಿದೆಯೇ ಎಂದು ಬಗ್ಗಿ ನೋಡುವರು. ಬ್ಯಾಟರಿಯ ತುದಿಗೆ ಬಿಳಿ ಪುಡಿ ಕಟ್ಟಿದ್ದರೆ ತಂತಿ ಬಿಚ್ಚಿ ಬಿಸಿನೀರಿನಲ್ಲಿ ತೊಳೆಯುವರು. ಟೈರಿನ ಕಚ್ಚಿನಲ್ಲಿ ಒಂದು ನಾಣ್ಯ ನಿಲ್ಲಿಸಿ ಸವೆತ ನೋಡುವರು, ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನು ಗುದ್ದಿ ಗಾಳಿ ನೋಡುವರು. ಕೊನೆಗೆ ಬ್ರೇಕ್ ಒತ್ತಿದರೆ ಹಿಂದಿನ ದೀಪದ ಬೆಳಕು ನನ್ನ ಕೋಣೆಯ ಸುಣ್ಣದ ಗೋಡೆಗೆ ಬೀಳುತ್ತಿತ್ತು. ಗೋಡೆಯ ಒಂದು ಕಡೆ ಮಾತ್ರ ಕೆಂಪಾದರೆ ಒಂದು ಬಲ್ಬು ಹೋಗಿದೆ ಎಂದು ಲೆಕ್ಕ. ದೀಪ ನೋಡಲು ಯಾರನ್ನೂ ಕರೆದು ಹಿಂದೆ ನಿಲ್ಲಿಸಬೇಕಾಗಿರಲಿಲ್ಲ.

ರಾತ್ರಿ ಕಾರು ನಿಲ್ಲಿಸಿದ ಮೇಲೆ ಎಂಜಿನ್ನಿನ ಕೆಳಗೆ ಒಂದು ಹಾಳೆ ಹಾಸುವುದು ಅವರ ಗಂಡ ಕಲಿಸಿದ ಪದ್ಧತಿ. ಬೆಳಿಗ್ಗೆ ಹಾಳೆ ಎಳೆದು ನೋಡಿದರೆ ಏನು ಸೋರಿದೆ ಎಂದು ಗೊತ್ತಾಗುತ್ತದೆ. ಕಪ್ಪು ಕಲೆ ಎಂಜಿನ್ ಆಯಿಲ್, ಹಸಿರು ಕಲೆ ಕೂಲಂಟ್. ಬಣ್ಣವಿಲ್ಲದ ನೀರಾದರೆ ಎಸಿಯದು, ಚಿಂತೆಯಿಲ್ಲ. ಹಾಳೆಗಳು ನನ್ನ ಕೋಣೆಯಿಂದಲೇ ಹೋಗುತ್ತಿದ್ದವು.

"ನಿಮ್ಮ ಪೇಪರ್ ಭಾಳ ಚೊಲೊ ಐತಿ ತಮ್ಮಾ," ಎಂದಿದ್ದರು ಒಮ್ಮೆ. "ಬ್ಯಾರೇವು ಎಣ್ಣಿ ಕುಡಿಯಂಗಿಲ್ಲ."

ಕಟ್ಟೆಯ ಮೇಲಿಂದ ಗಂಡ ನಕ್ಕರು. "ಲೇ, ಆತ ಬರ್ದದ್ದು ಮ್ಯಾಲೆ ಮಾಡಿ ಹಾಸಬ್ಯಾಡ, ಪಾಪ."

ಕಾರಿನ ಮೈ ಮಾತ್ರ ಅಕ್ಕ ತೊಳೆಯುತ್ತಿರಲಿಲ್ಲ. ಅದಿರು ಲಾರಿಗಳ ಕೆಂಪು ಧೂಳು ಅದರ ಮೇಲೆ ಕಾಯಂ ಇರುತ್ತಿತ್ತು. ಓಣಿಯವರಿಗೆ ಅದೊಂದು ತಮಾಷೆ. "ಅಕ್ಕಾರ, ನಿಮ್ಮ ಕಾರಿಗೆ ಎಣ್ಣೆಸ್ನಾನ ಯಾವಾಗ್ರಿ?" ಎಂದು ಕೇಳುವವರು. ಹಾಗೆ ಕೇಳಿದವರೇ ವಾರ ಕಳೆಯುವುದರೊಳಗೆ ಬಂದು ಅದೇ ಕಾರಿನ ಕೀಲಿಗೆ ಕೈ ಚಾಚುತ್ತಿದ್ದರು.

ಮೊದಲ ಸಲ ಒಬ್ಬ ಹೆಣ್ಣುಮಗಳ ಹೆರಿಗೆಗೆಂದು ಕೇಳಿದರು. ಅಕ್ಕ ತಾವೇ ಓಡಿಸಿಕೊಂಡು ಹೋಗಿ ಬಂದರು. ಅಲ್ಲಿಂದ ಅದು ಓಣಿಯ ಕಾರಾಯಿತು. ಕಂಪ್ಲಿಗೆ ಹೆಣ್ಣು ನೋಡಲು, ನೆಂಟರಿಗೆ ಹಂಪಿ ತೋರಿಸಲು, ದರೋಜಿಯಲ್ಲಿ ಮಕ್ಕಳಿಗೆ ಕರಡಿ ತೋರಿಸಲು… ಇಲ್ಲ ಎಂದರೆ ಓಣಿಯಲ್ಲಿ ಬಾಳುವುದು ಹೇಗೆ ಎಂದು ಅಕ್ಕ ಆಸ್ಪತ್ರೆಯ ದಿನ ಬಿಟ್ಟು ಉಳಿದ ದಿನ ಕೊಡುತ್ತಿದ್ದರು.

ಕಾರು ಹೇಗೆ ಮರಳಿ ಬರುತ್ತಿತ್ತು ಎಂಬುದನ್ನು ನನ್ನ ಕಿಟಕಿಯಿಂದ ಕಂಡಷ್ಟು ಬರೆಯುತ್ತೇನೆ. ಸೀಟಿನ ಕೆಳಗೆ ಕೋಳಿಯ ಎಲುಬು. ಬಾಗಿಲ ಜೇಬಿನಲ್ಲಿ ಕೊಳೆತ ಬಾಳೆಹಣ್ಣಿನ ಸಿಪ್ಪೆ. ಒಮ್ಮೆ ಯಾವುದೋ ಮಗು ಹಿಂದಿನ ಸೀಟಿನಲ್ಲಿ ವಾಂತಿ ಮಾಡಿತ್ತು. ಅದನ್ನು ಒರೆಸುವ ಬದಲು ಮೇಲೊಂದು ಟವೆಲ್ ಹಾಸಿ, ಊದಿನಕಡ್ಡಿ ಹಚ್ಚಿ ತಂದು ನಿಲ್ಲಿಸಿದ್ದರು. ಕಿಟಕಿಯಿಂದ ಉಗಿದ ಗುಟ್ಕಾ ಗಾಳಿಗೆ ಹಿಂದಕ್ಕೆ ಹಾರಿ ಬಾಗಿಲಿನ ಉದ್ದಕ್ಕೂ ಒಣಗಿರುತ್ತಿತ್ತು. ಅಕ್ಕ ಮುಖ ಆಚೆ ತಿರುಗಿಸಿಕೊಂಡು, ಮೂಗಿಗೆ ಸೆರಗು ಹಿಡಿದು, ಬಿಸಿನೀರು ಸುರಿಯುತ್ತಿದ್ದರು. ಮರುದಿನ ಆ ಸೀಟಿನ ಮೇಲೆ ಅವರ ಗಂಡ ಮಲಗಿ ಬರಬೇಕಿತ್ತು. ಕಾರು ಒಯ್ದವರೆಲ್ಲರಿಗೂ ಅದು ಗೊತ್ತಿತ್ತು.

ಅಕ್ಕ ಹಾಕಿದ್ದ ಷರತ್ತು ಒಂದೇ. ಕೀಲಿ ಕೊಡುವಾಗ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು: "ಆ ಬಿಸಿ ತೋರ್ಸೂ ಮುಳ್ಳು ಮ್ಯಾಲೆ ಹತ್ತಿದ್ರ ಗಾಡಿ ನಿಲ್ಲಸ್ರಿ. ತಣ್ಣಗಾಗೂ ಮಟ ಮುಚ್ಚಳ ಮುಟ್ಟಬ್ಯಾಡ್ರಿ. ನನಗ ಫೋನ್ ಹಚ್ರಿ."

ಮೂಲೆಮನೆಯ ಯಜಮಾನರು ಓಣಿಯಲ್ಲಿ ಗೌರವಸ್ಥರು. ಅಕ್ಕಿ ವ್ಯಾಪಾರ, ಹಣೆಗೆ ದಪ್ಪ ವಿಭೂತಿ, ಯಾರ ಮನೆಯ ಜಗಳಕ್ಕೂ ಪಂಚಾಯಿತಿ. ಅವರು ಒಂದು ದಿನ ಸಂಡೂರಿನಲ್ಲಿ ನೆಂಟರ ಗೃಹಪ್ರವೇಶಕ್ಕೆಂದು ಕಾರು ಒಯ್ದರು. ಕೂರಬೇಕಾದವರಿಗಿಂತ ಹೆಚ್ಚು ಜನ ಕೂತು ಹೋದದ್ದನ್ನು ನಾನು ನೋಡಿದೆ. ಸಂಜೆ ತಂದು ನಿಲ್ಲಿಸಿ, ಕೀಲಿಯ ಜೊತೆಗೆ ಎಲೆಯಲ್ಲಿ ಸುತ್ತಿದ ಲಾಡು ಕೊಟ್ಟರು.

"ಗಾಡಿ ಮಸ್ತ್ ಐತಿ ನೋಡವ್ವ. ಘಾಟಿನ್ಯಾಗ ಸೈತ ಏನೂ ತ್ರಾಸ ಕೊಡ್ಲಿಲ್ಲ."

ಮರುದಿನ ಆಸ್ಪತ್ರೆಯ ದಿನ. ಬೆಳಿಗ್ಗೆ ಅಕ್ಕ ಹಾಳೆ ಎಳೆದರು. ಅದರ ಮೇಲಿದ್ದ ಕಲೆ ಕಪ್ಪೂ ಅಲ್ಲ, ಹಸಿರೂ ಅಲ್ಲ. ಇಟ್ಟಿಗೆ ಪುಡಿ ಕಲಸಿದಂಥ ಕೆಂಪು. ಬಾನೆಟ್ ಎತ್ತಿದರೆ ಕೂಲಂಟ್ ಡಬ್ಬಿಯಲ್ಲೂ ಅದೇ ಕೆಂಪು ರಾಡಿ. ಸಂಡೂರಿನ ದಾರಿಯಲ್ಲಿ ಮಳೆನೀರು ನಿಂತ ಗುಂಡಿಗಳನ್ನು ನೋಡಿದವರಿಗೆ ಅದು ಎಲ್ಲಿಯ ನೀರೆಂದು ಹೇಳಬೇಕಾಗಿಲ್ಲ. ಅಕ್ಕ ಆಯಿಲ್ ಕಡ್ಡಿ ಎಳೆದು ಗಂಡನಿಗೆ ತೋರಿಸಿದರು. ಜೇನಿನ ಬಣ್ಣದಲ್ಲಿರಬೇಕಾದ ಎಣ್ಣೆ ಹಾಲು ಹಾಕಿದ ಚಹಾದ ಹಾಗೆ ಬೆಳ್ಳಗಾಗಿತ್ತು.

"ಎಣ್ಣ್ಯಾಗ ನೀರು ಸೇರೈತಿ," ಎಂದರು ಗಂಡ. "ಚಾಲೂ ಮಾಡಬ್ಯಾಡ. ಚಾಲೂ ಮಾಡಿದ್ರ ಎಂಜಿನ್ನೇ ಹೋಗ್ತೈತಿ."

ಅಕ್ಕ ಮೂಲೆಮನೆಗೆ ನಡೆದರು. ಯಜಮಾನರು ಅಂಗಳದಲ್ಲಿ ಹಲ್ಲು ಉಜ್ಜುತ್ತಿದ್ದರು. ನಾನು ನಲ್ಲಿಯ ಹತ್ತಿರ ನಿಂತಿದ್ದೆ, ಮಾತು ಕೇಳಿಸುತ್ತಿತ್ತು.

"ಅಣ್ಣಾರ, ನಿನ್ನೆ ಗಾಡಿ ಕುದ್ದಿತ್ತೇನ್ರಿ? ಬೈಯಾಕ ಬಂದಿಲ್ಲ. ಹಂಗ ಎಷ್ಟು ದೂರ ಓಡ್ಸಿದ್ರಿ, ಅಷ್ಟ ಹೇಳ್ರಿ. ಮೇಸ್ತ್ರಿಗೆ ಹೇಳ್ಬೇಕಾಗೇತಿ."

"ಕುದಿಯಾಕ ಅದೇನ್ ಅನ್ನದ ಗಡಿಗೇನವ್ವ?" ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಕಿಸಕ್ಕನೆ ನಕ್ಕರು. "ಹಳೇ ಗಾಡಿ. ಮೊದ್ಲಿಂದನೂ ಇರ್ತೈತಿ ಏನರ."

"ನೀರು ಕೆಂಪೈತ್ರಿ."

"ನೀರ ಹಾಕೀವಿ ತಾಯಿ, ವಿಷ ಹಾಕಿಲ್ಲ."

"ಹಾಕೀವಿ ಅಂದ್ರಲ್ಲ. ಸಾಕು ಬಿಡ್ರಿ."

ಅಕ್ಕ ತಿರುಗಿ ಹೊರಟರು. ಯಜಮಾನರು ಬಾಯಿಯ ನೊರೆಯನ್ನು ಚರಂಡಿಗೆ ಉಗಿದು, ಹಿಂದಿನಿಂದ ಕೇಳಿದರು: "ಲಾಡು ತಿಂದ್ರಿಲ್ಲೋ?"

ಕಾರು ಗ್ಯಾರೇಜಿನಿಂದ ಬರಲು ಹತ್ತಿರ ಹತ್ತಿರ ಎರಡು ವಾರ ಬೇಕಾಯಿತು. ಅಕ್ಕ ಕಿವಿಯ ಬೆಂಡೋಲೆ ಬಿಚ್ಚಿದ್ದರು. ಅಷ್ಟು ದಿನ ಗಂಡನನ್ನು ಬಸ್ಸಿನಲ್ಲೇ ಕರೆದೊಯ್ದರು. ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಅವರು ಇಳಿಯುವುದನ್ನು ನಾನು ಕಂಡೆ. ಗಂಡನ ಅಂಗಿಯ ಎದೆಯ ಮೇಲೆಲ್ಲ ವಾಂತಿ. ಅಕ್ಕ ಒಂದು ಕೈಯಲ್ಲಿ ಅವರನ್ನು ಹಿಡಿದು, ಇನ್ನೊಂದು ಕೈ ಬೀಸುತ್ತ ಕಂಡಕ್ಟರಿಗೆ ಬೈಯುತ್ತಿದ್ದರು. ಮೂವರೂ ಆಟೊ ಹಿಡಿದು ಓಣಿಗೆ ಬಂದೆವು. ಮೂಲೆಮನೆಯ ಕಟ್ಟೆಯ ಮೇಲೆ ಕೂತಿದ್ದವರು ಆಟೊ ಹಾದುಹೋಗುವ ತನಕ ಮಾತು ನಿಲ್ಲಿಸಿ ನೋಡಿದರು. ಎದ್ದು ಬಂದವರಿಲ್ಲ.

ಆಮೇಲೆ ಅಕ್ಕ ಕೀಲಿಯನ್ನು ಯಾರಿಗೂ ಕೊಡಲಿಲ್ಲ. "ಗಾಡಿ ಕೊಡಂಗಿಲ್ರಿ" ಎಂದಷ್ಟೇ ಹೇಳುತ್ತಿದ್ದರು. ಓಣಿ ಅದಕ್ಕೆ ಸೊಕ್ಕು ಎಂದು ಹೆಸರಿಟ್ಟಿತು. ಒಂದು ಬೆಳಿಗ್ಗೆ ಚಾಲಕನ ಕಡೆಯ ಬಾಗಿಲ ಹಿಡಿಕೆಯ ಒಳಗೆ ಯಾರೋ ಗುಟ್ಕಾ ಉಗಿದು ಹೋಗಿದ್ದರು. ಕೈ ಹಾಕಿದರೆ ಬೆರಳಿಗೆ ಹತ್ತಬೇಕು, ಹಾಗೆ ಲೆಕ್ಕ ಹಾಕಿ ಉಗಿದದ್ದು. ಅಕ್ಕನ ಬೆರಳಿಗೆ ಹತ್ತಿತು. ಅವರು ಕೈಯನ್ನು ಮೈಯಿಂದ ದೂರ ಚಾಚಿ ಹಿಡಿದು ನಲ್ಲಿಯ ಕಡೆ ನಡೆದರು. ಆಮೇಲೆ ತೊಳೆದುಕೊಂಡು ಬಂದು ಬಾನೆಟ್ ಎತ್ತಿದರು. ಆ ದಿನವೂ ನನ್ನ ಗೋಡೆಯ ಎರಡೂ ಕಡೆ ಕೆಂಪು ಬಿತ್ತು.

ಅವರ ಗಂಡ ತೀರಿಕೊಂಡದ್ದು ಅದಾಗಿ ಕೆಲವು ತಿಂಗಳ ಮೇಲೆ, ಬಳ್ಳಾರಿಯ ಆಸ್ಪತ್ರೆಯಲ್ಲಿ. ಬಸ್ಸಿನಲ್ಲಿ ಅಲೆದ ದಿನಗಳಿಗೂ ಸಾವಿಗೂ ಸಂಬಂಧ ಹೇಳಲು ನನ್ನ ಬಳಿ ಆಧಾರವಿಲ್ಲ. ವೈದ್ಯರು ಹೃದಯ ನಿಂತಿತು ಎಂದಷ್ಟೇ ಹೇಳಿದರು. ಸುದ್ದಿ ತಿಳಿದು ಓಣಿಯಿಂದ ನಾವು ಕೆಲವರು ರೈಲು ಹಿಡಿದು ಹೋದೆವು. ಮೂಲೆಮನೆಯ ಯಜಮಾನರೂ ಬಂದಿದ್ದರು. ಇಂಥ ಹೊತ್ತಿನಲ್ಲಿ ಮುಂದೆ ನಿಲ್ಲುವುದು ಅವರ ರೂಢಿ.

ಹೆಣವನ್ನು ಆಂಬುಲೆನ್ಸಿಗೆ ಏರಿಸಿದರು. ಅದರಲ್ಲಿ ಗಂಡನ ತಮ್ಮ ಕೂತ. ಅಕ್ಕ ತಾವು ತಂದಿದ್ದ ಕಾರನ್ನು ತಾವೇ ಓಡಿಸಿಕೊಂಡು ಹಿಂದೆ ಬರುವುದಾಗಿ ಹೇಳಿದರು. ಯಾರ ಮಾತಿಗೂ ಒಪ್ಪಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಅತ್ತ ಕಣ್ಣಿನಲ್ಲೇ ಬಾನೆಟ್ ಎತ್ತಿದರು. ಕಡ್ಡಿ ಎಳೆದು ಸೆರಗಿನ ತುದಿಯಲ್ಲಿ ಒರೆಸಿ, ಅದ್ದಿ, ಬೆಳಕಿಗೆ ಹಿಡಿದು ನೋಡಿದರು. ಬಗ್ಗಿ ಟೈರು ಮುಟ್ಟಿ ನೋಡಿದರು.

"ಗಂಡ ಸತ್ತ ಹೊತ್ನ್ಯಾಗ ಎಣ್ಣಿ ನೋಡ್ತಾಳಲ್ಲೋ," ಎಂದರು ಯಜಮಾನರು, ಪಕ್ಕದವರಿಗೆ ಹೇಳುವಂತೆ, ಎಲ್ಲರಿಗೂ ಕೇಳುವಂತೆ. "ಅಸಹ್ಯ ಅನ್ಸೂದಿಲ್ಲೇನು ಈಕಿಗೆ?"

ಅಕ್ಕ ಬಾನೆಟ್ ಇಳಿಸಿದರು. ಕೈ ಒರೆಸಿಕೊಂಡರು.

"ವಾಪಸ್ ಹೋಗಾಕ ರೈಲು ಸಂಜಿಗೇ ಐತಂತ," ಎಂದರು. "ನೀವೂ ಇದರಾಗ ಬರಾವ್ರು ಅಲ್ರೀ ಅಣ್ಣಾರ? ಕುಂದ್ರಿ."

ಅವರು ಕೂತರು. ಹಿಂದಿನ ಸೀಟಿನಲ್ಲಿ, ಗಂಡ ಮಲಗಿ ಬರುತ್ತಿದ್ದ ಕಡೆಯೇ ಕೂತರು. ನಾನು ಮುಂದೆ ಕೂತಿದ್ದೆ. ತೋರಣಗಲ್ಲು ದಾಟುವಷ್ಟರಲ್ಲಿ ಯಜಮಾನರಿಗೆ ನಿದ್ದೆ ಹತ್ತಿ ಬಾಯಿ ತೆರೆದುಕೊಂಡಿತು. ಅಕ್ಕ ಆಂಬುಲೆನ್ಸಿನ ಹಿಂದೆ ಒಂದೇ ಅಂತರದಲ್ಲಿ ಓಡಿಸಿದರು. ನಡುನಡುವೆ ಅವರ ಕಣ್ಣು ಬಿಸಿ ತೋರಿಸುವ ಮುಳ್ಳಿನ ಕಡೆ ಹೋಗಿ ಬರುತ್ತಿತ್ತು. ಹೊಸಪೇಟೆ ಬರುವ ತನಕ ಹಿಂದಿನ ಸೀಟಿನಿಂದ ಗೊರಕೆ ಕೇಳುತ್ತಲೇ ಇತ್ತು…

ವರ್ಷ ತುಂಬುವ ಮೊದಲೇ ಅಕ್ಕ ಮನೆ ಖಾಲಿ ಮಾಡಿ ಕಂಪ್ಲಿಯ ತಂಗಿಯ ಹತ್ತಿರ ಹೋದರು. ಕಾರನ್ನೂ ಒಯ್ದರು. ಹೋಗುವ ದಿನ ನನ್ನಿಂದ ಒಂದು ಕಟ್ಟು ಹಳೆ ಪೇಪರ್ ಕೇಳಿ ಡಿಕ್ಕಿಯಲ್ಲಿ ಹಾಕಿಕೊಂಡರು. ಓಣಿಯಲ್ಲಿ ಯಾರಿಗೂ ಹೋಗಿಬರುತ್ತೇನೆ ಎನ್ನಲಿಲ್ಲ. ಮೊದಮೊದಲು ಫೋನಿನಲ್ಲಿ ಮಾತಾಡುತ್ತಿದ್ದೆವು. ನನಗೆ ಬೇರೆ ಊರಿಗೆ ವರ್ಗವಾಯಿತು, ಅವರ ನಂಬರ್ ಬದಲಾಯಿತು. ಮರಳಿ ಈ ಕಡೆ ಬಂದ ಮೇಲೆ ಕಂಪ್ಲಿಗೆ ಹೋಗಿ ವಿಚಾರಿಸಿದೆ. ಅಕ್ಕ ತೀರಿಕೊಂಡು ವರ್ಷವಾಗಿತ್ತು. ಕಾರನ್ನು ಯಾರೋ ಕೊಂಡು ಹೋಗಿದ್ದಾರೆ, ಯಾರೆಂದು ತಂಗಿಗೆ ನೆನಪಿಲ್ಲ. ಮನೆಯ ಮುಂದೆ ಅದು ನಿಲ್ಲುತ್ತಿದ್ದ ಜಾಗ ತೋರಿಸಿದರು. ಅಲ್ಲಿ ಈಗ ಸೌದೆ ಒಟ್ಟಿದ್ದಾರೆ.

ಕೆರೆ ಏರಿಯ ಮೇಲೆ ಆ ಗುರುವಾರ ಮುಚ್ಚಳ ತೆಗೆದವನ ಕೈ ಸುಡಲಿಲ್ಲ. ಟವೆಲ್ ದಪ್ಪವಿತ್ತು. ಅವರು ಬಾಟಲಿಯ ನೀರನ್ನು ಸುರಿದು, ಇನ್ನೊಂದು ಬಾಟಲಿ ತುಂಬಿಕೊಂಡು, ಹಾಡು ಹಚ್ಚಿಕೊಂಡು ಹಂಪಿಯ ಕಡೆ ಹೋದರು. ಗಾಡಿ ಕೊಟ್ಟ ಗೆಳೆಯನ ಹೆಸರು ಕೇಳಿದ್ದೆ, ಹೇಳಲಿಲ್ಲ.

ಸಂಜೆ ನಾನು ಅದೇ ದಾರಿಯಲ್ಲಿ ವಾಪಸು ಬಂದೆ. ಕಾರು ನಿಂತಿದ್ದಲ್ಲಿ, ಡಾಂಬರಿನ ಮೇಲೆ, ಅಂಗೈ ಅಗಲದ ಒಂದು ಹಸಿರು ಕಲೆ ಒಣಗಿತ್ತು.